ಆಕ್ಸಿಜನ್ ಮಿಷನ್ನಿಗೆ ಯಾವ ವರ್ಷದ ಸರಾಸರಿ?

ಕಳೆದ ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ರುದ್ರಮ್ಮ ಸ್ಟೂಲ್ ಹತ್ತಿ ನಿಂತು ಕರೆಂಟ್ ಮೀಟರನ್ನೇ ದಿಟ್ಟಿಸುತ್ತಿದ್ದರು. ಒಳಗೆ ಅವರ ಗಂಡ ಸಿದ್ದಪ್ಪನವರು ಮಂಚದ ಅಂಚು ಹಿಡಿದು, ಬಾಯಲ್ಲಿ ಉಸಿರೆಳೆಯುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಡಾಕ್ಟರ್ ಹೇಳಿ ತರಿಸಿದ ಆಕ್ಸಿಜನ್ ಮಿಷನ್ ಪಕ್ಕದಲ್ಲೇ ಇತ್ತು. ಆಫ್ ಆಗಿತ್ತು.

ಕರೆಂಟ್ ಹೋಗಿದೆ ಅಂದುಕೊಂಡೆ. ಇಲ್ಲ, ದೇವರ ಮನೆಯ ಬಲ್ಬ್ ಉರಿಯುತ್ತಿತ್ತು.

"ಯಾಕ್ರೀ ಆರಿಸಿದ್ದೀರಿ?"

"ಹಾಕಿದ್ರೆ ಮೀಟರ್ ದೀಪ ಪಟಪಟ ಹೊಡ್ಕೊಳ್ತೈತೆ ಮೇಷ್ಟ್ರೇ. ಲೆಕ್ಕ ಮೀರಿದ್ರೆ ಸರ್ಕಾರದ ಫ್ರೀ ಕರೆಂಟೇ ಕಿತ್ಕೊಂತಾರಂತೆ. ಇವರು ಎದ್ದು ಕೂತಾಗೆಲ್ಲ ಆರಿಸ್ತೀನಿ."

"ನನಗಿಂತ ಮೀಟರ್ ಮೇಲೇ... ಪ್ರೀತಿ ಇವಳಿಗೆ." ಸಿದ್ದಪ್ಪನವರು ನಗಲು ಹೋಗಿ ಕೆಮ್ಮಿದರು. (ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಜೀವಮಾನವಿಡೀ ದೂಳು ಕುಡಿದ ಎದೆ ಅದು.)

ನಾನೇ ಸ್ವಿಚ್ ಹಾಕಿದೆ.

ಸೋಮವಾರ ಕರೆಂಟ್ ಆಫೀಸಿಗೆ ಹೋದೆ. ಗುಮಾಸ್ತರು ಮರ್ಯಾದೆಯಿಂದಲೇ ಹೇಳಿದರು. "ಯೋಜನೆ ಕಿತ್ಕೊಳ್ಳಲ್ಲ ಸಾರ್. ಅವರ ಹಳೇ ಸರಾಸರಿ, ಅಂದ್ರೆ ಯೋಜನೆಗೆ ಮುಂಚಿನ ವರ್ಷದ್ದು, ಅದೂ ಅದರ ಮೇಲೆ ಚೂರೂ ಫ್ರೀ. ಮೀರಿದ್ದಕ್ಕೆ ಬಿಲ್. ಇನ್ನೂರು ಯೂನಿಟ್ ದಾಟಿದ್ರೆ ಆ ತಿಂಗಳು ಪೂರಾ ಬಿಲ್."

ಅಂದರೆ ರುದ್ರಮ್ಮನ ಹೆದರಿಕೆ ಪೂರಾ ಸುಳ್ಳಲ್ಲ.

ಹಳೇ ಸರಾಸರಿ! ಆ ಮನೆಯಲ್ಲಿ ಸ್ನಾನದ ನೀರು ಕಾಯುವುದು ತೆಂಗಿನ ಮಟ್ಟೆ ಉರಿಸಿ, ಹಂಡೆ ಒಲೆಯಲ್ಲಿ. ಎರಡು ಬಲ್ಬ್, ಒಂದು ಫ್ಯಾನ್. ಸರಾಸರಿ ಎಷ್ಟಿದ್ದೀತು? ನಮ್ಮ ಮನೆಯಲ್ಲಿ ಗೀಸರ್ ಇದೆ. ಹಿಂದೆ ಧಾರಾಳವಾಗಿ ಉರಿಸಿದ್ದೇವೆ. ಆದ್ದರಿಂದ ಈಗಲೂ ಧಾರಾಳವಾಗಿ ಪುಕ್ಕಟೆ. ಕೈ ಹಿಡಿದು ಬಳಸಿದವರಿಗೆ ಕಡಿಮೆ, ಸುರಿದವರಿಗೆ ಹೆಚ್ಚು. ಈ ಲೆಕ್ಕ ಹಾಕಿದವರಲ್ಲಿ ಒಬ್ಬರ ಮನೆಯಲ್ಲಾದರೂ ಹಂಡೆ ಒಲೆ ಇತ್ತೇ? ನನಗಂತೂ ಗುಮಾನಿ. ಅನುಮಾನವಿದ್ದರೆ ನಿಮ್ಮ ಬಿಲ್ಲನ್ನೂ, ಹಿತ್ತಲ ಮನೆಯವರ ಬಿಲ್ಲನ್ನೂ ಅಕ್ಕಪಕ್ಕ ಇಟ್ಟು ನೋಡಿ.

ರುದ್ರಮ್ಮನಿಗೆ ವಿಷಯ ತಿಳಿಸಿದೆ. ಹೆಚ್ಚಿನ ಬಿಲ್ ನಾನು ಕಟ್ಟುತ್ತೇನೆ ಎಂದೆ.

"ಎಷ್ಟು ತಿಂಗಳು ಕಟ್ತೀರಾ? ಇದು ವಾಸಿಯಾಗೋ ಕಾಯಿಲೆ ಅಲ್ಲ." ಆಮೇಲೆ ಕೇಳಿದರು. "ಅಲ್ಲ ಮೇಷ್ಟ್ರೇ, ಆವಾಗ ನಾವೂ ಸುಮ್ಮನೆ ಪೋಲು ಮಾಡಿದ್ರೆ ಈವಾಗ ಇದೂ ಫ್ರೀ ಆಗ್ತಿತ್ತಾ?"

ಆಗುತ್ತಿತ್ತು. ನಾನು ಮೀಟರ್ ಕೆಳಗಿನ ಸ್ಟೂಲ್ ಎತ್ತಿ ಒಳಗಿಟ್ಟೆ.

ಎರಡು ಮನೆಗೂ ನಡುವೆ ಒಂದೇ ಗೋಡೆ. ಮಿಷನ್ ಓಡಿದರೆ ನನಗೆ ಕೇಳಿಸುತ್ತದೆ. ಇವತ್ತು ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಕೇಳಿಸಲಿಲ್ಲ.

ಆ ಉಳಿತಾಯ ಯಾರಿಗಾಗಿ?