ಖಾಲಿ ಬಂದ ಜಟಕಾ

ಕೊಪ್ಪದ ಶಾಲೆಯ ತಾಹೇರಾ ಟೀಚರು ಇಂಟರ್‌ಮೀಡಿಯೆಟ್‌ಗೇ ಓದು ಯಾಕೆ ನಿಲ್ಲಿಸಿದರು ಎಂದು ಕೇಳಿ ನೋಡಿ, ಆ ಊರಿನವರು ಬಡತನ ಎನ್ನುತ್ತಾರೆ. ಬಡತನವಂತೆ! ಆಕೆಯ ತಂದೆ ಅಫ್ಸರ್ ಪಾಷಾ ಮದ್ದೂರು ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದದ್ದು ನಿಜ. ಆದರೆ ಮಗಳ ಓದೆಂದರೆ ಕುದುರೆಯ ಹುರುಳಿಯನ್ನಾದರೂ ಮಾರಿಯಾನು, ಅಂಥ ಮನುಷ್ಯ. ಕಾರಣ ಬೇರೆಯೇ ಇತ್ತು.

ಯುದ್ಧದ ಕಾಲ, ನಲವತ್ತನಾಲ್ಕನೇ ಇಸವಿಯ ಬೇಸಿಗೆ. ತಾಹೇರಾ ಮೈಸೂರಿನಲ್ಲಿ ಪರೀಕ್ಷೆ ಬರೆಯುತ್ತಿದ್ದಳು. ಫೇಲಾದರೆ ನಿಖಾ ಮಾಡಿಬಿಡುವುದೆಂದು ಸೋದರತ್ತೆ ಹಾಜಿರಾ ಬೀ ಮೊದಲೇ ಹೇಳಿಬಿಟ್ಟಿದ್ದಳು. ಅಂಥ ಹೊತ್ತಿನಲ್ಲಿ ಪಕ್ಕದ ಮನೆಯ ಹಮೀದ್ ಹಾಸ್ಟೆಲಿನ ಬಾಗಿಲಿಗೆ ಬಂದು ನಿಂತ.

"ನಿಮ್ಮಮ್ಮಂಗೆ ವಿಷಮಜ್ವರ ಕಣಮ್ಮ. ನಿಮ್ಮಪ್ಪ ಈಗ್ಲೇ ಕರ್ಕಂಡ್ ಬಾ ಅಂದವ್ರೆ."

"ಇನ್ನೆರಡೇ ಪೇಪರು ಹಮೀದ್ ಭಾಯಿ. ಮುಗಿಸ್ಕಂಡು ಬತ್ತೀನಿ ಅಂತ ಹೇಳು."

"ಉಳಿಯೋದು ಕಷ್ಟ ಅಂತಾವ್ರೆ ಡಾಕ್ಟ್ರು."

ತಾಹೇರಾ ಅವನೊಬ್ಬನನ್ನೇ ಹಿಂದಕ್ಕೆ ಕಳಿಸಿದಳು. ಆಮೇಲೆ ಒಳಗೆ ಹೋಗಿ ಪುಸ್ತಕ ತೆರೆದಳು. ಯಾರೂ ಅವಳನ್ನು ಅಲ್ಲಿ ಕಟ್ಟಿಹಾಕಿರಲಿಲ್ಲ.

ಪರೀಕ್ಷೆ ಮುಗಿಸಿ ಅವಳು ಮದ್ದೂರಿನಲ್ಲಿ ಇಳಿಯುವ ಹೊತ್ತಿಗೆ ತಾಯಿ ಬಿಬಿ ಜಾನ್ ಮಣ್ಣು ಸೇರಿಯಾಗಿತ್ತು. ಮನೆ ತುಂಬ ಜನ. ಹಾಜಿರಾ ಬೀ ತಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದಳು.

"ಮಗ್ಳಿಗೊಂದು ಮಾತು ಹೇಳ್ಕಳ್ಸಕ್ಕೆ ಏನ್ಲಾ ದಾಡಿ ನಿಂಗೆ?"

"ತಪ್ಪಾಯ್ತು ಅಕ್ಕ," ಎಂದ ಅಫ್ಸರ್ ಪಾಷಾ. "ಪರೀಕ್ಷೆ ಕೆಡ್ತದೆ ಅಂತ ನಾನೇ ಹೇಳ್ಕಳ್ಸಲಿಲ್ಲ."

ತಾಹೇರಾ ಬೆಚ್ಚಿ ಹಮೀದನ ಕಡೆ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅವನು ತಲೆ ತಗ್ಗಿಸಿದ. ಅವಳು ಸುಮ್ಮನಿದ್ದರೆ ಸಾಕಿತ್ತು, ಬಿ.ಎ. ಓದಲು ಯಾರೂ ಅಡ್ಡಿ ಮಾಡುತ್ತಿರಲಿಲ್ಲ. ಅತ್ತೆ ಅವಳನ್ನು ಹತ್ತಿರ ಎಳೆದುಕೊಂಡು ಕೆನ್ನೆ ಸವರಿ, "ನೀನೇನ್ ಮಾಡೀಯೆ ಮಗಾ, ಏನೂ ಅರೀದೋಳು," ಎಂದಳು. ಅಯ್ಯೋ, ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ! ಆ ಮುದ್ದನ್ನು ತಡೆಯಲಾಗಲಿಲ್ಲ.

"ನಂಗೊತ್ತಿತ್ತು ಅತ್ತೆ. ಅಬ್ಬಾ ಹೇಳ್ಕಳ್ಸಿದ್ರು. ನಾನೇ ಬರ್ಲಿಲ್ಲ."

ಅತ್ತೆಯ ಕೈ ಕೆನ್ನೆಯಿಂದ ಜಾರಿತು. "ಇನ್ನು ಸಾಕು ಬುಡು ನಿನ್ ಓದು," ಎಂದವಳು ಸಂಜೆಯ ಬಸ್ಸಿಗೆ ಮಳವಳ್ಳಿಗೆ ಹೊರಟುಹೋದಳು. ತಾಹೇರಾ ಎದುರಾಡಲಿಲ್ಲ. ಅಬ್ಬಾನಿಗೆ ಒಂದು ತುತ್ತು ಬೇಯಿಸಿ ಹಾಕುವವರು ಕೂಡ ಈಗ ಅವಳೊಬ್ಬಳೇ.

ಪರೀಕ್ಷೆಯೇನೋ ಪಾಸಾಗಿತ್ತು. ಸುದ್ದಿ ಬಂದ ದಿನ ಅಬ್ಬಾ ಕುದುರೆಯ ಮೈ ಉಜ್ಜುತ್ತಿದ್ದ. ತಾಹೇರಾ ಅವತ್ತು ಕೇಳಿಯೇಬಿಟ್ಟಳು.

"ಯಾಕಬ್ಬಾ ಸುಳ್ಳು ಹೇಳಿದ್ರಿ?"

"ನಿಮ್ಮತ್ತೆಗಲ್ಲ ಕಣಮ್ಮ ನಾನು ಮೊದ್ಲು ಹೇಳಿದ್ದು, ನಿಮ್ಮಮ್ಮಂಗೆ. ಮೈಸೂರು ರೈಲು ಕೂಗ್ದಾಗಲೆಲ್ಲ, ಓಗಿ ಕರ್ಕಂಡ್ ಬಾ ಅಂತ ಅಟ್ಟೋಳು. ಪ್ರತಿ ಸಲ ಖಾಲಿ ಗಾಡಿ ತತ್ತಿದ್ದೆ. ಮಗಳು ಬರಾಕಿಲ್ಲ ಅಂದ್ಲು ಅಂತ ಹೆಂಗೆ ಹೇಳ್ಲಿ? ನಾನೇ ಹೇಳ್ಕಳ್ಸಿಲ್ಲ ಅಂದ್ಬುಟ್ಟೆ."

"ಅಮ್ಮ ಏನಂದ್ರು?"

"ಮಾತು ಬುಟ್ಲು. ಕಡೇಲಿ ಬಾಯಿಗೆ ನೀರು ಬುಡಾಕೋದ್ರೆ ಮಕ ತಿರುಗಿಸ್ಕಂಡ್ಲು. ನನ್ ಕೈಲಿ ಕುಡೀಲಿಲ್ಲ."

ಅವನು ಮತ್ತೆ ಕುದುರೆ ಉಜ್ಜತೊಡಗಿದ.

"ಆ ಮುನಿಸು ನಂದಬ್ಬಾ, ನಂಗೆ ಸೇರ್ಬೇಕಾಗಿದ್ದು," ಎಂದು ತಾಹೇರಾ ಅಲ್ಲೇ ಕುಸಿದು ಅತ್ತಳು. ಅತ್ತೆಗೇನೋ ನಿಜ ಹೇಳಿದ್ದಳು. ಅಮ್ಮ ಮಾತ್ರ ಅಬ್ಬಾನ ಮೇಲೆ ಮುನಿಸಿಕೊಂಡೇ ಹೋಗಿದ್ದಳು.