ಫೋಟೋದ ಹಿಂದಿನ ಒಂದು ಮಾತು

ಉಮಾಕಾಂತರಿಗೆ ಸಾಕಾಗಿ ಹೋಗಿತ್ತು. ವಡೋದರಾದ ಕಾರ್ಖಾನೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತನಾದ ಮನುಷ್ಯ ಮನೆಯಲ್ಲಿ ಕಾಲು ಚಾಚಿ ಕೂರಬೇಕೋ ಬೇಡವೋ? ಇವರು ರಾವ್‌ಪುರದ ಹಳೇ ವಾಡೆಯೊಂದರ ಮಹಡಿಯಲ್ಲಿ, ಫ್ಯಾನು ಹಾಕಿದರೆ ಕಾಗದ ಹಾರುತ್ತದೆಂದು ಸೆಕೆಯಲ್ಲೇ ಬೇಯುತ್ತ, ಸತ್ತವರ ಮುಖ ನೋಡಿಕೊಂಡು ಕೂತಿದ್ದರು. ತಪ್ಪು ಬೇರೆ ಯಾರದೂ ಅಲ್ಲ. ಧಾರವಾಡದವರು, ಕನ್ನಡ ಓದುತ್ತಾರೆ ಎಂದು ಯಾರೋ ಹೇಳಿದರು, ಇವರು ಹೂಂ ಅಂದುಬಿಟ್ಟರು.

ಅದು ನೂರು ವರ್ಷದ ಹಿಂದಿನ ಮನೆತನಗಳ ಫೋಟೋ ಸಂಗ್ರಹ. ಪೇಟ ಸುತ್ತಿದ ಗಂಡ ಕುರ್ಚಿಯಲ್ಲಿ, ಹೆಂಡತಿ ಕುರ್ಚಿಯ ಹಿಂದೆ, ಮಕ್ಕಳು ಕ್ಯಾಮೆರಾಕ್ಕೆ ಹೆದರಿ ಕಣ್ಣು ಬಿಟ್ಟುಕೊಂಡು. ನಗುವವರು ಒಬ್ಬರೂ ಇಲ್ಲ. ಪ್ರತಿ ಫೋಟೋದ ಮುಂಬದಿ, ಹಿಂಬದಿ ಎರಡನ್ನೂ ಸ್ಕ್ಯಾನ್ ಮಾಡಬೇಕು. ಹಿಂದೆ ಬರೆದಿದ್ದನ್ನು ಒಂದು ಕಾಲಮ್ಮಿನಲ್ಲಿ, ಅದರ ಅರ್ಥವನ್ನು ಪಕ್ಕದ ಕಾಲಮ್ಮಿನಲ್ಲಿ ತುಂಬಬೇಕು. ಫೋಟೋದ ಕೆಳಗಿನ ಲೇಬಲ್ಲಿಗೆ ಹೋಗುವುದು ಅದೇ. ಮರಾಠಿ, ಗುಜರಾತಿಗೆ ಬೇರೆಯವರಿದ್ದರು. ಅಪರೂಪಕ್ಕೆ ಬರುವ ಕನ್ನಡ ಇವರ ಪಾಲಿನದು.

ಹಾಗೆ ಬಂದದ್ದು ಸೂರತ್ತಿನ ಇಂದುಮತಿಬೆನ್ ಕಳಿಸಿದ ಫೋಟೋ. ತಲೆ ತುಂಬ ಸೆರಗು ಹೊದ್ದ ಹೆಂಗಸು, ಮೊಣಕಾಲ ಮೇಲೆ ಎರಡು ಕೈ. ಇಂದುಮತಿಬೆನ್ನರ ತಾಯಿಯ ತಾಯಿ, ಧಾರವಾಡದ ಕಡೆಯವಳು. ಗಂಡ ಬರೋಡಾದಲ್ಲಿ ಗುಮಾಸ್ತನಾಗಿದ್ದು ತೀರಿಕೊಂಡ. ತವರಿನವರು ಅವಳನ್ನು ಕರೆದೊಯ್ದರು, ಹೆಣ್ಣುಮಗುವನ್ನು ಮಾತ್ರ ಬೇಡವೆಂದರು. ಮಕ್ಕಳಿಲ್ಲದ ಪಕ್ಕದ ಮನೆಯ ಗುಜರಾತಿ ದಂಪತಿ ಆ ಮಗುವನ್ನು ಸಾಕಿದರು. ಹುಡುಗಿಗೆ ಹದಿನಾರಾದಾಗ ಟಪಾಲಿನಲ್ಲಿ ಈ ಫೋಟೋ ಬಂತು. ಪತ್ರವಿಲ್ಲ. ಹಿಂದೆ ಒಂದೇ ಮಾತು. ಕನ್ನಡ ಅಕ್ಷರ ಬಲ್ಲ ಯಾರೋ ಓದಿ ಹೇಳಿದರು, "ಬಾ" ಅಂತಿದೆ. ಗುಜರಾತಿಯಲ್ಲಿ ಬಾ ಎಂದರೆ ತಾಯಿ. ಹುಡುಗಿ ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದಳು, ತೊಂಬತ್ತು ವರ್ಷದವರೆಗೂ ಬದುಕಿ ಒಂದೇ ದೂರು ಹೇಳಿದಳು: "ಮುಖ ಕಳಿಸಿದಳು, ಒಂದು ಸಲ ಕರೆಯಲಿಲ್ಲ."

"ಭಾಯಿ, ಅಲ್ಲಿ ಬೇರೇನಾದರೂ ಇದೆಯೇ ನೋಡಿ" ಎಂದು ಎಂಬತ್ತನಾಲ್ಕರ ಇಂದುಮತಿಬೆನ್ ಫೋನಿನಲ್ಲಿ ಕೇಳಿದ್ದರು. ಅವರಿಗೆ ಬೇಕಾದ್ದು ಅಷ್ಟೇ. ಉಮಾಕಾಂತರು ಭೂತಗನ್ನಡಿ ಹಿಡಿದು ನೋಡಿದರು. ಬರೆದು ರೂಢಿಯಿಲ್ಲದ ಕೈ. ಮೊದಲು 'ಬ' ಬರೆದು, ದೀರ್ಘವನ್ನು ಆಮೇಲೆ ನೆನಪಾಗಿ ಸೇರಿಸಿದ ಹಾಗಿತ್ತು. "ಬಾ ಅಂತಲೇ ಇದೆ ಬೆನ್, ಬೇರೇನೂ ಇಲ್ಲ" ಎಂದರು. ಆ ಕಡೆ ಮುದುಕಿ ಹಾಂ ಎಂದು ಫೋನಿಟ್ಟರು. ಇವರು ಅರ್ಥದ ಕಾಲಮ್ಮಿನಲ್ಲಿ 'ತಾಯಿ' ಎಂದು ತುಂಬಿ ಮುಂದಿನ ಫೋಟೋ ಎತ್ತಿಕೊಂಡರು.

ಮೂರು ವಾರದ ಮೇಲೆ ಮಹಿಮಾ ಅವರ ಮೇಜಿನ ಹತ್ತಿರ ಬಂದಳು. ಸಂಗ್ರಹದ ಉಸ್ತುವಾರಿ ಅವಳದು. ಅಹಮದಾಬಾದಿನ ಮಣಿನಗರದಲ್ಲಿ ಬೆಳೆದ ಕನ್ನಡದ ಹುಡುಗಿ. ಕನ್ನಡ ಓದಲು ಬಾರದು, ಆಡಿದರೆ ಅರ್ಧ ಹಿಂದಿ.

"ಅಂಕಲ್, ಏಕ್ ಡೌಟ್. ಈ ಬಾ, ಕನ್ನಡ ಲೆಟರ್ಸಲ್ಲಿ ಇದೆ ಅಲ್ವಾ?"

"ಹೌದವಾ."

"ನನ್ನ ಅಜ್ಜಿ ಬಾ ಅಂದ್ರೆ ನಾನು ಓಡಿ ಹೋಗ್ತಿದ್ದೆ. ಬಾ, ಕೂಡು, ತಿನ್ನು. ನಂಗೆ ಬರೋ ಕನ್ನಡ ಅಷ್ಟೇ. ಇದೂ ಆ ಬಾ ಇರಬಹುದಾ?"

ಉಮಾಕಾಂತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಧಾರವಾಡದಲ್ಲಿ ಹುಟ್ಟಿ, ಇಪ್ಪತ್ತೈದು ವರ್ಷ ದಿನಕ್ಕೆ ನೂರು ಸಲ ಆ ಮಾತು ಕೇಳಿ ಬೆಳೆದವರು ಅವರು. ಆಮೇಲೆ ವಡೋದರಾದಲ್ಲಿ ಮನೆ ಮಾಲೀಕರ ಬಾ, ಪಕ್ಕದ ಮನೆಯ ಬಾ, ಪೂರಿ ಕೊಟ್ಟು ಕಳಿಸಿದ ಬಾ, ತೀರಿಕೊಂಡ ಬಾ. ಕಣ್ಣು ಕನ್ನಡ ಓದಿತ್ತು, ತಲೆ ಗುಜರಾತಿಯಲ್ಲಿ ಕೇಳಿಸಿಕೊಂಡಿತ್ತು.

"ನಾ ಎಂಥಾ ಮಂಗ್ಯಾ ನೋಡವಾ" ಎಂದರು. 

"ಲೇಬಲ್ ಇನ್ನೂ ಪ್ರಿಂಟ್ ಆಗಿಲ್ಲ ಅಂಕಲ್, ಚೇಂಜ್ ಮಾಡೋಣ."

ಲೇಬಲ್ಲಿನದು ಬಿಡಿ, ಎರಡು ನಿಮಿಷದ ಕೆಲಸ. ಆ ಮುದುಕಿಗೆ ಹೇಳುವವರು ಯಾರು? ತಾಯಿ ಜೀವಮಾನವೆಲ್ಲ ಕಾದ ಕರೆ ಅವಳ ಗೋಡೆಯ ಮೇಲೇ ಇತ್ತೆಂದು ಹೇಗೆ ಹೇಳುವುದು? ಸುಮ್ಮನಿದ್ದುಬಿಡೋಣ, ಅವರಿಗೂ ವಯಸ್ಸಾಯಿತು ಎಂದು ಎರಡು ದಿನ ತಮಗೆ ತಾವೇ ಹೇಳಿಕೊಂಡರು. ಅನ್ನ ರುಚಿಸಲಿಲ್ಲ. ಮೂರನೇ ದಿನ, ವಾಪಸ್ ಕೊರಿಯರ್ ಮಾಡಲು ಚೌಕಟ್ಟಿನ ಸಮೇತ ಕಟ್ಟಿಟ್ಟಿದ್ದ ಆ ಫೋಟೋವನ್ನು ತಾವೇ ಬಗಲಿಗೆ ಹಾಕಿಕೊಂಡು ಸೂರತ್ತಿನ ರೈಲು ಹತ್ತಿದರು. ಸೀಟು ಸಿಗಲಿಲ್ಲ. ಭರೂಚ್‌ವರೆಗೂ ನಿಂತೇ ಹೋದರು, ಮೊಣಕಾಲು ಜೀವ ತೆಗೆಯಿತು.

ನಾನ್‌ಪುರಾದ ಮನೆಯ ಪಡಸಾಲೆಯಲ್ಲಿ ಇಂದುಮತಿಬೆನ್ ಉಯ್ಯಾಲೆಯ ಮೇಲೆ ಕೂತಿದ್ದರು. ಗೋಡೆಯಲ್ಲಿ ಫೋಟೋ ಇದ್ದ ಜಾಗ ಚೌಕಾಕಾರವಾಗಿ ಬೆಳ್ಳಗಿತ್ತು.

"ನೀವೇ ಬಂದಿರಾ ಉಮಾಕಾಂತಭಾಯಿ? ಕೊರಿಯರಿಗೆ ಕೊಟ್ಟಿದ್ದರೆ ಆಗುತ್ತಿತ್ತು."

"ಆಗುತ್ತಿತ್ತು ಬೆನ್" ಎಂದು ಅವರು ಗುಜರಾತಿಯಲ್ಲೇ ಹೇಳಿದರು. ನೀರು ಕುಡಿದರು. "ನಾನು ಫೋನಿನಲ್ಲಿ ಹೇಳಿದ್ದು ತಪ್ಪು. ಅಲ್ಲಿರುವುದು ಬಾ ಎಂದೇ. ಆದರೆ ನಿಮ್ಮ ಬಾ ಅಲ್ಲ, ನಮ್ಮ ಬಾ."

"ಹಾಗಂದರೆ?"

"ನೀವು ಆವ್ ಅಂತೀರಲ್ಲ, ಅದು. ನಿಮ್ಮ ತಾಯಿಯನ್ನು ಕರೆದದ್ದು."

ಉಯ್ಯಾಲೆ ನಿಂತಿತು. ಮುದುಕಿಯ ಕಣ್ಣು ಗೋಡೆಯ ಬಿಳಿ ಚೌಕದ ಮೇಲೆ ಹೋಯಿತು. ಉಮಾಕಾಂತರಿಗೆ ಯಾಕಾದರೂ ಬಂದೆನೋ ಅನಿಸಿತು.

"ನನ್ನ ತಾಯಿ ದಿನಾ ಆ ಗಾಜು ಒರೆಸುತ್ತಿದ್ದಳು" ಎಂದರು ಇಂದುಮತಿಬೆನ್ ಕೊನೆಗೆ. "ಕರೆದಿದ್ದರೆ ನಡೆದಾದರೂ ಹೋಗುತ್ತಿದ್ದೆ ಅನ್ನುತ್ತಿದ್ದಳು. ಆ ಮಾತು ಅಷ್ಟೂ ವರ್ಷ ಗೋಡೆಗೆ ಮುಖಮಾಡಿ ಇತ್ತಲ್ಲ ಭಾಯಿ." ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಅದನ್ನು ತಿರುಗಿಸಿ ಹಾಕಿ."

ಉಮಾಕಾಂತರು ಚಮಚದ ಹಿಡಿಕೆಯಿಂದ ಚೌಕಟ್ಟಿನ ಹಿಂದಿನ ಮೊಳೆಗಳನ್ನು ಎಬ್ಬಿಸಿ, ಫೋಟೋವನ್ನು ಮಗುಚಿ, ಬರಹ ಗಾಜಿನ ಕಡೆ ಬರುವಂತೆ ಕೂರಿಸಿದರು. ಸ್ಟೂಲು ಹತ್ತಿ ಅದೇ ಬಿಳಿ ಜಾಗದಲ್ಲಿ ತೂಗುಹಾಕಿದರು. ಇಳಿಯುವಾಗ ಗೋಡೆ ಹಿಡಿದುಕೊಳ್ಳಬೇಕಾಯಿತು.

"ನಿಮ್ಮಲ್ಲಿ ಮಗಳನ್ನು ಹೇಗೆ ಕರೆಯುತ್ತಾರೆ, ಒಮ್ಮೆ ಅನ್ನಿ, ಕೇಳುತ್ತೇನೆ."

ಅವರು ಗಂಟಲು ಸರಿಮಾಡಿಕೊಂಡರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ತಂಗಿಯನ್ನು ಕರೆಯುತ್ತಿದ್ದ ಹಾಗೆ, ಸ್ವಲ್ಪ ಎಳೆದು ಹೇಳಿದರು.

"ಬಾ."

ಮುದುಕಿ ಉಯ್ಯಾಲೆಯ ಸರಪಳಿ ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಡುತ್ತ ಗೋಡೆಯ ಹತ್ತಿರ ಹೋಗಿ ನಿಂತರು.