ಸೈಲೆನ್ಸರಿನೊಳಗಿನ ಮಣ್ಣು

ನನ್ನ ಕೈ ಮೊದಲು ಓಡುತ್ತದೆ, ಬುದ್ಧಿ ಆಮೇಲೆ ಬರುತ್ತದೆ. ಇದನ್ನು ನಮ್ಮಮ್ಮ ಹೇಳುತ್ತಿದ್ದಳು, ಈಗ ಹೆಂಡತಿ ಹೇಳುತ್ತಾಳೆ, ಅರಕಲಗೂಡಿನ ನನ್ನ ಗ್ಯಾರೇಜಿಗೆ ಗಾಡಿ ಬಿಡುವವರೂ ಹೇಳುತ್ತಾರೆ. ಬೋಲ್ಟು ಬಿಚ್ಚಿಕೊಳ್ಳಲಿಲ್ಲವೆಂದು ಸ್ಪ್ಯಾನರ್ ಎಸೆದು ಗಿರಾಕಿಯ ಕಾರಿನ ಗಾಜನ್ನೇ ಪುಡಿ ಮಾಡಿದ್ದೇನೆ. ಹಾರನ್ ಒತ್ತಿ ಒತ್ತಿ ತಲೆ ತಿಂದನೆಂದು ಆಟೋದವನೊಬ್ಬನ ಕೆನ್ನೆಗೆ ಬಾರಿಸಿ, ಅವನ ಅಣ್ಣತಮ್ಮಂದಿರ ಕೈಲಿ ನಾನೂ ಚೆನ್ನಾಗಿ ತಿಂದಿದ್ದೇನೆ. ಅವೆಲ್ಲ ಕೋಪದ ಏಟುಗಳು. ಕೊಟ್ಟವನಿಗೂ ತಿಂದವನಿಗೂ ವಾರದಲ್ಲಿ ಮರೆತುಹೋಗುತ್ತವೆ. ಈಗ ಹೇಳಹೊರಟಿರುವ ಏಟು ಕೋಪದ್ದಲ್ಲ. ಜನ ಕೋಪದ್ದೆಂದೇ ತಿಳಿದರು. ಅದನ್ನು ತಿದ್ದಬೇಕೆಂದೇ ಬರೆಯಲು ಕೂತಿದ್ದೇನೆ.

ನಮ್ಮ ಕಡೆ ಶುಂಠಿ, ಜೋಳ ಹೊರುವುದಕ್ಕೂ ಮದುವೆಗೆ ಜನ ತುಂಬುವುದಕ್ಕೂ ಒಂದೇ ಥರದ ಸಣ್ಣ ವ್ಯಾನು. ದಿಣ್ಣೆ ಹತ್ತುವಾಗ ಪಿಕಪ್ ಇಲ್ಲ ಎನ್ನುವುದು ಅದರ ಓನರುಗಳ ಮಾಮೂಲಿ ದೂರು. ಅದಕ್ಕೆ ನಾವು ಮೆಕ್ಯಾನಿಕ್ಕುಗಳು ಕಂಡುಕೊಂಡ ಮದ್ದೊಂದಿದೆ. ಸೈಲೆನ್ಸರಿನ ಮುಂಭಾಗದಲ್ಲಿರುವ ಉಬ್ಬಿದ ಡಬ್ಬಿಯನ್ನು ಗ್ರೈಂಡರಿನಲ್ಲಿ ಕೊಯ್ದು, ಒಳಗಿನ ಬೂದು ಬಣ್ಣದ ಗಟ್ಟಿಯನ್ನು ರಾಡಿನಿಂದ ಕುಟ್ಟಿ ಉದುರಿಸಿ, ಖಾಲಿ ಡಬ್ಬಿಗೆ ಮತ್ತೆ ವೆಲ್ಡಿಂಗ್ ಹೊಡೆಯುವುದು. ಜೇನುಗೂಡಿನ ಹಾಗೆ ಮೈಯೆಲ್ಲ ತೂತಿರುವ ಆ ಗಟ್ಟಿ ಹೋದರೆ ಹೊಗೆ ಸಲೀಸಾಗಿ ಆಚೆ ಬರುತ್ತದೆ, ಎಂಜಿನ್ನಿಗೆ ಆರಾಮ ಎಂಬುದು ನಮ್ಮ ನಂಬಿಕೆ. ಉದುರಿದ ಪುಡಿಗೆ ನಾವು ಮಣ್ಣು ಅನ್ನುತ್ತಿದ್ದೆವು. ಮಳೆಗಾಲದಲ್ಲಿ ಕೆಸರಾಗದಿರಲೆಂದು ನಾನು ಅದನ್ನು ಗ್ಯಾರೇಜಿನ ಬಾಗಿಲಿಗೇ ಹರಡಿದ್ದೆ.

ಆ ಮಣ್ಣನ್ನು ಕೇಳಿಕೊಂಡು ಬಂದವನು ಚನ್ನರಾಯಪಟ್ಟಣದ ಒಬ್ಬ ಗುಜರಿಯವನು. ಹಳೇ ಮೊಪೆಡ್ಡಿನ ಎರಡೂ ಕಡೆ ಚೀಲ ಕಟ್ಟಿಕೊಂಡು ಊರೂರು ಸುತ್ತಿ ಕಬ್ಬಿಣ, ಪ್ಲಾಸ್ಟಿಕ್ಕು, ಕೆಟ್ಟ ಬ್ಯಾಟರಿ ತಗೊಳ್ಳುವವನು. ನಡುವಯಸ್ಸು, ತೆಳ್ಳನೆಯ ಆಳು, ಮಾತು ಕಮ್ಮಿ. ಬಾಗಿಲಲ್ಲಿ ಕೂತು ಪೊರಕೆಯಿಂದ ಗುಡಿಸಿ ಗುಡಿಸಿ ನನ್ನ ಮಣ್ಣನ್ನು ಚೀಲಕ್ಕೆ ತುಂಬಿದ. ಇವನಿಗೆಲ್ಲೋ ತಲೆ ಕೆಟ್ಟಿದೆ ಎಂದುಕೊಂಡು, ಕೊಟ್ಟಷ್ಟು ಇಸಕೊಂಡೆ.

ಗೊತ್ತಾಗಿದ್ದು ಹಾಸನದಲ್ಲಿ. ಹೆಂಡತಿಯ ಬೆಳ್ಳಿ ಚೈನು ಕಪ್ಪಗಾಗಿತ್ತು, ಅಕ್ಕಸಾಲಿಯೊಬ್ಬರ ಅಂಗಡಿಗೆ ಒಯ್ದಿದ್ದೆ. ರೋಡಿಯಂ ನೀರಿನಲ್ಲಿ ಅದ್ದಿಕೊಟ್ಟರೆ ಮತ್ತೆ ಕಪ್ಪಾಗಲ್ಲ, ಆದರೆ ರೇಟು ಜಾಸ್ತಿ ಎಂದರು. ಬರೀ ನೀರಿಗೆ ಇಷ್ಟು ಯಾಕೆ ಎಂದು ನಾನು ಜಗಳಕ್ಕೆ ನಿಂತೆ. ಆ ಹಿರಿಯರು ಸಿಟ್ಟಾಗಲಿಲ್ಲ. ಕೂರಿಸಿ, ಟೀ ತರಿಸಿ ಬಿಡಿಸಿ ಹೇಳಿದರು. ರೋಡಿಯಂ ಚಿನ್ನಕ್ಕಿಂತ ದುಬಾರಿ ಲೋಹ. ಅದಕ್ಕೆಂದೇ ಗಣಿ ತೋಡುವವರು ಯಾರೂ ಇಲ್ಲ. ಪ್ಲಾಟಿನಂ ತೆಗೆಯುವಾಗ ಅದರ ಜೊತೆಗೆ ಚೂರೇ ಚೂರು ಸಿಗುತ್ತದೆ, ಅದೂ ಹೆಚ್ಚಿನದೆಲ್ಲ ಆಫ್ರಿಕಾದ ದಕ್ಷಿಣದ ತುದಿಯಲ್ಲಿ. ಅಲ್ಲಿ ಗಣಿ ನಿಂತರೆ ಲೋಕಕ್ಕೆಲ್ಲ ಬರ. ತುಕ್ಕು ಹಿಡಿಯಲ್ಲ, ಕೆಂಡದಂಥ ಬಿಸಿಗೂ ಜಗ್ಗಲ್ಲ, ಗಾಡಿಯ ಹೊಗೆಯಲ್ಲಿರುವ ವಿಷವನ್ನು ಮುರಿಯುತ್ತದೆ, ಮುರಿದೂ ತಾನು ಸವೆಯಲ್ಲ. ಹೊಗೆಯ ಕಾನೂನು ಬಿಗಿಯಾದಷ್ಟೂ ಪ್ರತಿ ಗಾಡಿಯ ಸೈಲೆನ್ಸರಿಗೂ ಅದು ಬೇಕು. ರೋಡಿಯಂ, ಪಲ್ಲಾಡಿಯಂ, ಪ್ಲಾಟಿನಂ, ಮೂರನ್ನೂ ಒಳಗಿನ ಜೇನುಗೂಡಿನಂಥ ಗಟ್ಟಿಗೆ ಧೂಳಿನಷ್ಟು ಸವರಿರುತ್ತಾರೆ.

"ಚಿನ್ನಕ್ಕೆ ಬೆಲೆ ಬಂದಿರೋದು ಜನಕ್ಕೆ ಆಸೆ ಇರೋದ್ರಿಂದ. ಇದನ್ನ ಯಾರೂ ಕತ್ತಿಗೆ ಹಾಕ್ಕೊಂಡು ಮೆರೆಯಲ್ಲ. ಬೇಕೇ ಬೇಕು, ಸಿಗಲ್ಲ. ಅದಕ್ಕೇ ಈ ಬೆಲೆ" ಎಂದರು.

ನಾನು ಬಾಗಿಲಿಗೆ ಹಾಸಿ ತುಳಿದಿದ್ದು ಅದನ್ನೇ! ಮುಂದಿನ ಸಲ ಗುಜರಿಯವನು ಬಂದಾಗ ಕುತ್ತಿಗೆಪಟ್ಟಿ ಹಿಡಿದೆ. ಹಳೇ ಲೆಕ್ಕ ಬಿಟ್ಟುಬಿಡಿ, ಇನ್ನು ಮೇಲೆ ಸರಿಯಾದ ರೇಟು ಕೊಡ್ತೀನಿ ಎಂದ. ಕೊಟ್ಟ ಕೂಡ. ಕೆಟ್ಟವನಾಗಿದ್ದು ನಾನು. ಕ್ಲಚ್ಚಿಗೆ ಬಂದ ವ್ಯಾನು, ಬ್ರೇಕಿಗೆ ಬಂದ ವ್ಯಾನು, ಯಾವುದಾದರೂ ಸರಿ, ಓನರ್ ಊಟಕ್ಕೆ ಹೋದರೆ ಸಾಕು, ಅವನನ್ನು ಒಂದು ಮಾತೂ ಕೇಳದೆ ಡಬ್ಬಿ ಕೊಯ್ದು ಮಣ್ಣು ತೆಗೆದು ಬೆಸೆದುಬಿಡುತ್ತಿದ್ದೆ. ವೆಲ್ಡಿಂಗಿನಲ್ಲಿ ನನ್ನ ಕೈ ಚೊಕ್ಕ. ಪಿಕಪ್ ಚೆನ್ನಾಗಾಯಿತಲ್ಲ, ಅವರಿಗೂ ಲಾಭವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ನನ್ನ ಸ್ವಂತ ಅಕ್ಕನ ಗಂಡನ ಹೊಸ ವ್ಯಾನಿಗೂ ಕೈ ಹಾಕಿದೆ. ಹೊಸ ಗಾಡಿ, ಮಣ್ಣು ತುಂಬಿತ್ತು. ನಾಲಗೆಗೆ ನೀರೂರಿತು, ಅಷ್ಟೇ.

ಭಾವನ ಊರು ಶೆಟ್ಟಿಹಳ್ಳಿ ಕಡೆ. ಊರಿನ ಹೆಸರು ಬೇಡ. ಹಿನ್ನೀರಿನಲ್ಲಿ ನಿಂತಿರುವ ಪಾಳು ಚರ್ಚು ನೋಡಲು ಬರುವವರನ್ನು ಹಾಸನದಿಂದ ಕರೆತರುವುದು, ಉಳಿದ ದಿನ ಶುಂಠಿ ಸಾಗಿಸುವುದು ಅವನ ಕೆಲಸ. ಆ ವ್ಯಾನೇ ಅವನ ಹೊಲ, ಅವನ ಹಸು. ಆ ಹೊತ್ತಿಗೆ ಸೈಲೆನ್ಸರ್ ಕಳ್ಳರ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದಿದ್ದವು. ಹೊಳೆನರಸೀಪುರದಲ್ಲಿ ಛತ್ರದ ಮುಂದೆ ನಿಂತ ವ್ಯಾನುಗಳದ್ದು ಬಿಚ್ಚಿದರಂತೆ, ಕಟ್ಟಾಯದ ಹತ್ತಿರ ಒಬ್ಬ ಸಿಕ್ಕಿಬಿದ್ದನಂತೆ ಎಂದು ದಿನಕ್ಕೊಂದು ಸುದ್ದಿ. ಅಂಥದ್ದರಲ್ಲಿ ಭಾವನ ವ್ಯಾನು ಹೊಗೆ ತಪಾಸಣೆಯಲ್ಲಿ ಫೇಲಾಯಿತು. ಹಾಸನದಲ್ಲಿ ಡಬ್ಬಿ ಬಿಚ್ಚಿ ನೋಡಿದರೆ ಒಳಗೆ ಖಾಲಿ. ಬೇರೆ ಸೈಲೆನ್ಸರ್ ಹಾಕಿಸಿಕೊಂಡು, ಖಾಲಿ ಡಬ್ಬಿಯನ್ನು ಹಿಡಿದುಕೊಂಡು ಭಾವ ಊರಿಗೆ ಬಂದ. ತಿಂಗಳಿಗೊಮ್ಮೆ ಬಂದು ತನ್ನ ವ್ಯಾನಿನ ಪಕ್ಕವೇ ಮೊಪೆಡ್ಡು ನಿಲ್ಲಿಸುತ್ತಿದ್ದ ಗುಜರಿಯವನು ಅವನಿಗೆ ನೆನಪಾದ.

ಒಂದು ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಸರಿಯಾಗಿ ಗುಜರಿಯವನು ಊರಿಗೆ ಬಂದ. ಭಾವನೂ ಊರವರೂ ಸೇರಿ ಡೇರಿಯ ಮುಂದೆ ಹಿಡಿದರು. ಒಂಬತ್ತು ಗಂಟೆಗೆ ಭಾವ ನನಗೆ ಫೋನ್ ಮಾಡಿದ. ಕಳ್ಳ ಸಿಕ್ಕವನೆ, ಚೀಲದಲ್ಲಿ ಬೂದಿಯಂಥದ್ದೇನೋ ಐತೆ, ನೀನು ಬಂದು ನೋಡಿ ಹೇಳು, ಪೊಲೀಸಿಗೆ ಆಮೇಲೆ ಕೊಡಾನ ಎಂದ. ಬರಲ್ಲ ಅಂದರೆ ಯಾಕೆ ಅನ್ನುತ್ತಾರೆ. ಬೈಕ್ ಹತ್ತಿದೆ. ಗೊರೂರು ದಾಟುವವರೆಗೂ ನನ್ನ ತಲೆಯಲ್ಲಿ ಒಂದೇ ಯೋಚನೆ: ಅವನು ನನ್ನ ಹೆಸರು ಹೇಳಿಬಿಟ್ಟಿದ್ದಾನೋ ಇಲ್ಲವೋ. ಅವನು ಬದುಕಿದ್ದಾನೋ ಇಲ್ಲವೋ ಎಂಬುದು ತಲೆಗೇ ಬರಲಿಲ್ಲ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ.

ಡೇರಿಯ ಕಿಟಕಿಯ ಸರಳಿಗೆ ಅವನ ಎರಡೂ ಕೈ ಕಟ್ಟಿದ್ದರು. ಅಂಗಿ ಹರಿದು ಸೊಂಟಕ್ಕೆ ಇಳಿದಿತ್ತು. ಬೆನ್ನಿನ ಮೇಲೆ ಪೈಪಿನ ಬರೆಗಳು, ಕೆಲವು ಬಿರಿದು ರಕ್ತ ಜಿನುಗುತ್ತಿತ್ತು. ಒಂದು ಕೈಯ ಬೆರಳುಗಳು ಬದನೆಕಾಯಿಯಷ್ಟು ಊದಿದ್ದವು. ಮಾಲು ಎಲ್ಲಿ ಮಾರಿದೆ ಎಂದು ಕೇಳಿ ಕೇಳಿ ಕಲ್ಲಿನಿಂದ ಜಜ್ಜಿದ್ದರು. ಮೊಪೆಡ್ಡನ್ನು ಮೋರಿಗೆ ನೂಕಿದ್ದರು. ಸುತ್ತ ಹಾಲಿನ ಕ್ಯಾನು ಹಿಡಿದುಕೊಂಡೇ ಮೂವತ್ತು ನಲವತ್ತು ಜನ. ಹೊಡೆದು ಸುಸ್ತಾದವರು ಕಟ್ಟೆಯ ಮೇಲೆ ಕೂತು ನೀರು ಕುಡಿಯುತ್ತಿದ್ದರು. ಬೇರೆ ದಿನಗಳಲ್ಲಿ ನನ್ನನ್ನು ಕರೆದು ಊಟ ಹಾಕುವ ಜನ ಅವರೆಲ್ಲ.

ಭಾವ ಖಾಲಿ ಡಬ್ಬಿಯನ್ನು ನನ್ನ ಕೈಗಿಟ್ಟ. ಬೆಸುಗೆ ನೋಡಿದೆ. ನನ್ನದೇ ಬೆಸುಗೆ, ನನ್ನ ರುಜುವಿನಷ್ಟು ಗುರುತು ಸಿಗುವಂಥದ್ದು. ಚೀಲ ಬಿಚ್ಚಿದರು. ಒಳಗಿನ ಮಣ್ಣನ್ನು ಹಿಂದಿನ ದಿನ ನಾನೇ ತುಂಬಿಕೊಟ್ಟಿದ್ದೆ. ಅವನು ತಲೆಯೆತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ಒಂಥರಾ ನೆಮ್ಮದಿ ಬಂತು. ತನ್ನನ್ನು ಬಲ್ಲವನೊಬ್ಬ ಬಂದ ಎಂಬ ನೆಮ್ಮದಿ. ಅಷ್ಟು ಹೊತ್ತು ಅಷ್ಟು ಏಟು ತಿಂದೂ ನನ್ನ ಹೆಸರನ್ನು ಅವನು ಹೇಳಿರಲಿಲ್ಲ.

"ಸಾ, ಕದಿಯೋನು ಬಿಚ್ಕೊಂಡು ಓಡೋಯ್ತಾನೆ ಸಾ. ಮತ್ತೆ ಬೆಸೆದು ಕೊಟ್ಟೋಯ್ತಾನಾ? ನನ್ತಾವ ವೆಲ್ಡಿಂಗ್ ಮಿಷನ್ ಎಲ್ಲೈತೆ? ನೀವೇ ಯೋಳಿ ಸಾ."

ಎಷ್ಟು ಸರಿಯಾದ ಮಾತು! ಊರಿಗೂರೇ ಸೇರಿ ಯೋಚಿಸದ ಮಾತು. ಜನ ಬಗ್ಗಿ ಡಬ್ಬಿಯ ಬೆಸುಗೆ ನೋಡತೊಡಗಿದರು. ಇನ್ನೊಂದು ಮಾತು ಅವನ ಬಾಯಿಂದ ಬಂದಿದ್ದರೆ ಎಲ್ಲರ ಕಣ್ಣೂ ಡಬ್ಬಿಯಿಂದ ನನ್ನ ಮುಖಕ್ಕೆ ಏರುತ್ತಿತ್ತು. ಕೈಲಿದ್ದ ಡಬ್ಬಿಯನ್ನೇ ಬೀಸಿ ಅವನ ಬಾಯಿಗೆ ಹೊಡೆದೆ. ಮೂಳೆ ಮುರಿದ ಸದ್ದು ಕೇಳಿತು. ಇನ್ನೊಂದು ಹೊಡೆದೆ. ಮೂರನೆಯದನ್ನೂ ಹೊಡೆದೆ. ಹಲ್ಲು ರಕ್ತದ ಜೊತೆ ಎದೆಯ ಮೇಲೆ ಬಿತ್ತು. ಕೆಳದವಡೆ ಒಂದು ಕಡೆಗೆ ಜೋತುಬಿತ್ತು. ಮುಗೀತು, ಇನ್ನು ಮಾತಾಡಲ್ಲ ಎಂದು ನನಗೆ ಸಮಾಧಾನವಾಯಿತು. ಹೌದು, ಸಮಾಧಾನವೇ. ಬೇರೆ ಮಾತು ಹುಡುಕಿ ಸಿಂಗಾರ ಮಾಡಲಾರೆ.

ನನ್ನ ಏಟು ನೋಡಿ ಸುಸ್ತಾದವರಿಗೆಲ್ಲ ಮತ್ತೆ ಹುರುಪು ಬಂತು. ಮೆಕ್ಯಾನಿಕ್ಕೇ ಹೊಡೆದ ಮೇಲೆ ಇವನೇ ಕಳ್ಳ, ಇನ್ನೇನು ಅನುಮಾನ? ಒಬ್ಬ ಹೊಟ್ಟೆಗೆ ಒದ್ದ. ಇನ್ನೊಬ್ಬ ಕ್ಯಾನಿನಿಂದಲೇ ತಲೆಗೆ ಕುಕ್ಕಿದ. ಭಾವ ವ್ಯಾನಿನಿಂದ ವೀಲ್ ಸ್ಪ್ಯಾನರ್ ತಂದು, ಇನ್ನೊಂದು ಕೈಯನ್ನೂ ಮುರಿದು ಕಳಿಸಾನ, ಮತ್ತೆ ಯಾವ ಗಾಡೀನೂ ಮುಟ್ಟಬಾರ್ದು ಎಂದು ಮುಂದೆ ಬಂದ. ಕಟ್ಟಿದ ಮನುಷ್ಯ ಆಗಲೇ ಹಗ್ಗದಲ್ಲಿ ಜೋತಾಡುತ್ತಿದ್ದ. ಇನ್ನು ಹತ್ತು ನಿಮಿಷ ಹೀಗೇ ಹೋಗಿದ್ದರೆ ಸಾಯುತ್ತಿದ್ದ. ಅದು ನನಗೆ ಗೊತ್ತಾಗುತ್ತಿತ್ತು, ಗೊತ್ತಾಗಿಯೂ ಡಬ್ಬಿ ಹಿಡಿದುಕೊಂಡು ನಿಂತಿದ್ದೆ.

ಆಗ ಅಕ್ಕ ಗುಂಪು ಸೀಳಿಕೊಂಡು ಬಂದು ಅವನ ಮುಂದೆ ಅಡ್ಡ ನಿಂತಳು. ಗಂಡನ ಕೈಯ ಸ್ಪ್ಯಾನರನ್ನು ನೋಡಲೇ ಇಲ್ಲ. ನನ್ನನ್ನು ನೋಡಿದಳು.

"ಎಲ್ರೂ ಬೆನ್ಗೆ ಒಡುದ್ರು. ನೀನ್ಯಾಕ್ಲಾ ಬಂದೇಟ್ಗೆ ಬಾಯ್ಗೇ ಒಡ್ದೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ನನ್ನದಾಯಿತು. ಕೈಯಲ್ಲಿದ್ದ ಡಬ್ಬಿ ತಾನಾಗಿ ಕೆಳಗೆ ಬಿತ್ತು. ಮೂವತ್ತು ಜನರ ಎದುರು ಸುಳ್ಳು ಹೇಳಬಲ್ಲೆ, ಅಕ್ಕನ ಮುಖದ ಎದುರು ಆಗಲಿಲ್ಲ.

"ಅವ್ನು ಕದ್ದಿಲ್ಲ ಅಕ್ಕ. ನಾನು ತೆಗ್ದೆ, ನಾನೇ ಬೆಸ್ದೆ. ಅವ್ನಿಗೆ ಮಾರಿದ್ದೂ ನಾನೇ ಕಣಕ್ಕ."

ಭಾವ ಎತ್ತಿದ್ದ ಸ್ಪ್ಯಾನರ್ ನನ್ನ ಹೆಗಲಿಗೆ ಇಳಿಯಿತು. ಕುತ್ತಿಗೆಯ ಪಕ್ಕದ ಮೂಳೆ ಲಟ್ಟೆಂದಿತು. ಬಿದ್ದೆ. ಬಿದ್ದವನ ಪಕ್ಕೆಗೆ ಯಾರ್‍ಯಾರೋ ಒದ್ದರು, ಚಪ್ಪಲಿ ಕಾಲು, ಬರಿಗಾಲು. ಯಾರಿಗೂ ಕೈ ಅಡ್ಡ ಹಿಡಿಯಲಿಲ್ಲ. ಆಮೇಲೆ ಗುಂಪು ಕರಗಿತು. ಒಬ್ಬನಿಗೆ ಹಸು ಕಟ್ಟುವ ನೆನಪಾಯಿತು, ಇನ್ನೊಬ್ಬನಿಗೆ ಹೊಲಕ್ಕೆ ನೀರು ತಿರುಗಿಸುವ ನೆನಪಾಯಿತು. ಒಬ್ಬರೂ ಅವನ ಹಗ್ಗ ಬಿಚ್ಚಲಿಲ್ಲ. ಅಕ್ಕನೇ ಕುಡುಗೋಲು ತಂದು ಕೊಯ್ದು, ಅವನ ತಲೆಗೆ ತನ್ನ ಸೆರಗನ್ನೇ ಹರಿದು ಕಟ್ಟಿ, ವ್ಯಾನು ತೆಗೀರಿ ಎಂದು ಗಂಡನಿಗೆ ಹೇಳಿದಳು.

ಆ ವ್ಯಾನಿನಲ್ಲೇ ಇಬ್ಬರನ್ನೂ ಹಾಸನದ ಆಸ್ಪತ್ರೆಗೆ ಒಯ್ದರು. ಹಿಂದಿನ ಸೀಟು ಮಡಚಿ ಅವನನ್ನು ಮಲಗಿಸಿದ್ದರು, ನಾನು ಅವನ ಕಾಲ ಬಳಿ ಒರಗಿದ್ದೆ. ತಪ್ಪಾಯ್ತು ಎಂದೆ. ಕಣ್ಣು ತೆರೆದಿದ್ದ, ನನ್ನ ಕಡೆ ತಿರುಗಲಿಲ್ಲ. ದಾರಿಯುದ್ದಕ್ಕೂ ಭಾವ ಮಾತು ಹೊಂದಿಸುತ್ತಿದ್ದ. ಕೇಸಾದರೆ ಊರಿಗೂರೇ ಒಳಗೆ ಹೋಗುತ್ತದೆ, ಮೊಪೆಡ್ಡಿನಿಂದ ಬಿದ್ದ ಅನ್ನಾನ, ಅವನಿಗೆ ಏನು ಬೇಕೋ ಕೊಟ್ಟು ಸರಿ ಮಾಡಾನ, ಹೆಂಗೂ ಅವನಿಗೆ ಮಾತಾಡಕ್ಕಾಗಲ್ಲ ಎಂದ. ಅಕ್ಕ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ನಾನು ಆಗಲ್ಲ ಅನ್ನಲಿಲ್ಲ. ಅಷ್ಟೆಲ್ಲ ಆದ ಮೇಲೂ ಅನ್ನಲಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸಿನವರು ಬಂದು ಏನಾಯಿತು ಎಂದು ಕೇಳಿದರು. ಭಾವ ಮೊಪೆಡ್ಡಿನ ಕಥೆ ಹೇಳಿದ. ಅವರು ಬೆನ್ನಿನ ಬರೆಗಳನ್ನು ನೋಡಿ, ಮಂಚದ ಮೇಲಿದ್ದವನ ಮುಖಕ್ಕೆ ಬಗ್ಗಿ, ಯಾರು ಹೊಡೆದಿದ್ದು, ಇಲ್ಲಿದ್ದಾರಾ ಎಂದರು. ಅವನ ದವಡೆಗೆ ಬಟ್ಟೆ ಬಿಗಿದಿತ್ತು. ಬೆರಳು ಜಜ್ಜಿದ ಕೈ ಅಲುಗಲಿಲ್ಲ. ಇನ್ನೊಂದು ಕೈಯನ್ನು ನಿಧಾನಕ್ಕೆ ಎತ್ತಿದ. ಪೈಪಿನಿಂದ ಹೊಡೆಸಿದ ಭಾವ ಎದುರಿಗೇ ಇದ್ದ. ಕ್ಯಾನಿನಿಂದ ತಲೆಗೆ ಕುಕ್ಕಿದ ಆಳೂ ಎತ್ತಿ ಇಳಿಸಲೆಂದು ಜೊತೆಗೆ ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಬೆರಳು ಅವರಿಬ್ಬರನ್ನೂ ದಾಟಿ ಬಂದು ನನ್ನ ಮೇಲೆ ನಿಂತಿತು.

ಭಾವ ನನ್ನ ಕಾಲು ತುಳಿದ. ನಾನು ಎದ್ದು ನಿಂತೆ.

"ಹೌದು ಸಾ. ಇವ್ನು ಮೊಪೆಡ್ಡಿಂದ ಬಿದ್ದಿಲ್ಲ. ಬಾಯಿ ಮುಚ್ಸಕ್ಕೆ ನಾನೇ ಒಡ್ದೆ" ಎಂದೆ.

ಅವನು ಕೈ ಇಳಿಸಿದ.